ಹಗ್ಗವೋ ಹಾವೋ? – ಗಣಕಯಂತ್ರದ ಹುಸಿ ಎಚ್ಚರಿಕೆಗಳು

ಇಂದಿನ ವಿದ್ಯಾಸಂಸ್ಥೆಗಳ ಕಾರ್ಯಾಲಯಗಳಲ್ಲಿ ಗಣಕಯಂತ್ರವು ಅನಿವಾರ್ಯ ಸಾಧನವಾಗಿದೆ. ವಿದ್ಯಾರ್ಥಿಗಳ ಅಂಕಪಟ್ಟಿ, ಅಧ್ಯಾಪಕರ ವೇತನಪಟ್ಟಿ, ದಾನಿಗಳ ದತ್ತಿಯ ಲೆಕ್ಕ, ದಾಸೋಹದ ಜಮಾಖರ್ಚು ಎಲ್ಲವೂ ಇಂದು ಅದರ ಒಡಲಲ್ಲಿವೆ. ಈ ಸಂಪತ್ತಿನ ಕಾವಲಿಗಾಗಿ ವೈರಸ್ ನಿರೋಧಕ ತಂತ್ರಾಂಶವನ್ನು ಅಳವಡಿಸುವುದು ವಾಡಿಕೆ. ಆದರೆ ಈ ಕಾವಲುಗಾರನ ಎರಡು ಬಗೆಯ ಮಾತುಗಳು ಬಳಕೆದಾರರನ್ನು ಆಗಾಗ ಗೊಂದಲಕ್ಕೀಡುಮಾಡುತ್ತವೆ. ಮೊದಲನೆಯದು, ವರ್ಷಗಳಿಂದ ಬಳಕೆಯಲ್ಲಿರುವ ನಿರ್ದೋಷಿಯಾದ ಕಡತವನ್ನು ‘ಇದು ವೈರಸ್’ ಎಂದು ಹೇಳುವುದು. ಎರಡನೆಯದು, ‘ಈ ಕಡತವನ್ನು ತಪಾಸಣೆ ಮಾಡಲಾಗಲಿಲ್ಲ’ ಎಂದು ಕೈಚೆಲ್ಲುವುದು. ಇಂತಹ ಸಂದರ್ಭದಲ್ಲಿ ಕೆಲವರು ಗಾಬರಿಯಿಂದ ಬೇಕಾದ ಕಡತವನ್ನೇ ಅಳಿಸಿಬಿಡುತ್ತಾರೆ. ಕೆಲವರು ಬೇಸತ್ತು ಕಾವಲುಗಾರನನ್ನೇ ಮನೆಗೆ ಕಳುಹಿಸುತ್ತಾರೆ. ಎರಡೂ ಹಾನಿಕರವೇ. ಹಗ್ಗವನ್ನು ಹಾವೆಂದು ಭ್ರಮಿಸಿ ಬಡಿಯುವುದು ಎಷ್ಟು ತಪ್ಪೋ, ಹಾವನ್ನು ಹಗ್ಗವೆಂದು ನಂಬಿ ಹಿಡಿಯುವುದೂ ಅಷ್ಟೇ ತಪ್ಪು.

ತಪಾಸಣೆಯ ಕ್ರಮ

ಐ.ಬಿ.ಎಂ. ಮಾದರಿಯ ಗಣಕಯಂತ್ರಗಳಲ್ಲಿ ಹರಡಿದ ಮೊದಲ ವೈರಸ್ ‘ಬ್ರೈನ್’. 1986ರಲ್ಲಿ ಅದು ಲಾಹೋರ್ ನಗರದಲ್ಲಿ ಹುಟ್ಟಿತು. ಅಂದಿನಿಂದ ಬೆಳೆದುಬಂದ ನಿರೋಧಕ ತಂತ್ರಾಂಶಗಳು ಮುಖ್ಯವಾಗಿ ಮೂರು ಮಾರ್ಗಗಳನ್ನು ಅನುಸರಿಸುತ್ತವೆ. ಮೊದಲ ಮಾರ್ಗವು ಬೆರಳಚ್ಚಿನ ಪರೀಕ್ಷೆಯಂತಹುದು: ಈಗಾಗಲೇ ಸಿಕ್ಕಿಬಿದ್ದ ವೈರಸ್‌ಗಳ ವಿಶಿಷ್ಟ ಗುರುತುಗಳನ್ನು ಪಟ್ಟಿಮಾಡಿ, ಪ್ರತಿಯೊಂದು ಕಡತವನ್ನೂ ಆ ಪಟ್ಟಿಯೊಡನೆ ಹೋಲಿಸುವುದು. ಎರಡನೆಯದು ನಡತೆಯ ಪರೀಕ್ಷೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಕಡತದ ರಚನೆ ಅಥವಾ ವರ್ತನೆ ವೈರಸ್ಸಿನದನ್ನು ಹೋಲುತ್ತದೆಯೇ ಎಂದು ಊಹಿಸುವುದು. ಮೂರನೆಯದು ಖ್ಯಾತಿಯ ಪರೀಕ್ಷೆ: ಆ ಕಡತವು ಲೋಕದಲ್ಲಿ ಎಷ್ಟು ಜನರ ಬಳಿ ಇದೆ, ಅದರ ಮೇಲೆ ತಯಾರಕರ ಅಂಕೀಯ ಸಹಿ ಇದೆಯೇ ಎಂದು ನೋಡುವುದು.

ಯಾವ ಮಾರ್ಗವೂ ಪರಿಪೂರ್ಣವಲ್ಲ. ಒಂದು ಕ್ರಮವಿಧಿಯು ವೈರಸ್ ಹೌದೋ ಅಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ತಪ್ಪಿಲ್ಲದೆ ನಿರ್ಣಯಿಸಬಲ್ಲ ಉಪಾಯವು ಸಾಧ್ಯವೇ ಇಲ್ಲವೆಂದು ಅಮೆರಿಕದ ವಿಜ್ಞಾನಿ ಫ್ರೆಡ್ ಕೋಹೆನ್ ಅವರು 1984ರ ತಮ್ಮ ಪ್ರಬಂಧದಲ್ಲಿಯೇ ತರ್ಕಬದ್ಧವಾಗಿ ತೋರಿಸಿದ್ದಾರೆ. ಆದುದರಿಂದ ತಪ್ಪು ನಡೆಯುವುದೇ ಇಲ್ಲವೆಂಬ ಆಸೆಯನ್ನು ಬಿಟ್ಟು, ತಪ್ಪು ನಡೆದಾಗ ಏನು ಮಾಡಬೇಕೆಂಬುದನ್ನು ತಿಳಿಯುವುದೇ ಜಾಣತನ.

ಹುಸಿ ಎಚ್ಚರಿಕೆಯ ಕಾರಣಗಳು

ಸಣ್ಣದೊಂದು ಲೆಕ್ಕವು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಒಂದು ಗಣಕಯಂತ್ರದಲ್ಲಿ 3 ಲಕ್ಷ ಕಡತಗಳಿವೆ ಎಂದೂ, ನಿರೋಧಕವು ಒಂದು ಲಕ್ಷಕ್ಕೆ ಒಮ್ಮೆ ಮಾತ್ರ ತಪ್ಪುತ್ತದೆ ಎಂದೂ ಇಟ್ಟುಕೊಂಡರೆ, ಅಷ್ಟು ನಿಪುಣವಾದ ತಂತ್ರಾಂಶವೂ ಆ ಒಂದೇ ಯಂತ್ರದಲ್ಲಿ ಮೂರು ನಿರ್ದೋಷಿಗಳ ಮೇಲೆ ಆರೋಪ ಹೊರಿಸೀತು. ಯಂತ್ರದಲ್ಲಿ ನಿಜವಾದ ವೈರಸ್ ಒಂದೂ ಇಲ್ಲದಿದ್ದರೆ ಅಂದಿನ ಎಚ್ಚರಿಕೆಗಳೆಲ್ಲವೂ ಹುಸಿಯೇ ಆಗಿರುತ್ತವೆ.

ಕೆಲವು ಬಗೆಯ ಕಡತಗಳ ಮೇಲೆ ಅನುಮಾನವು ಸುಲಭವಾಗಿ ಬೀಳುತ್ತದೆ. ಒಂದು ಸಂಸ್ಥೆಗಾಗಿ ಮಾತ್ರ ಬರೆಸಿಕೊಂಡ ಶುಲ್ಕದ ಅಥವಾ ವೇತನದ ತಂತ್ರಾಂಶಕ್ಕೆ ಖ್ಯಾತಿಯೂ ಇರುವುದಿಲ್ಲ, ಅನೇಕ ವೇಳೆ ಅಂಕೀಯ ಸಹಿಯೂ ಇರುವುದಿಲ್ಲ. ಗಾತ್ರವನ್ನು ಕುಗ್ಗಿಸಲು ಒತ್ತಿ ಕಟ್ಟಿದ ಕ್ರಮವಿಧಿಗಳು ವೈರಸ್ ಬರೆಯುವವರ ಮರೆಮಾಚುವ ತಂತ್ರವನ್ನು ಹೋಲುತ್ತವೆ. ಲೆಕ್ಕದ ಹಾಳೆಗಳಲ್ಲಿ ಅಡಗಿರುವ ಮ್ಯಾಕ್ರೋಗಳೂ ಹಾಗೆಯೇ. ಕನ್ನಡಿಗರಿಗೆ ಹತ್ತಿರವಾದ ನಿದರ್ಶನವೊಂದಿದೆ. ಕನ್ನಡದಲ್ಲಿ ಬೆರಳಚ್ಚು ಮಾಡಲು ನೆರವಾಗುವ ಕೀಲಿಮಣೆ ತಂತ್ರಾಂಶವು ಒತ್ತಿದ ಕೀಲಿಯನ್ನು ನಡುವೆಯೇ ತಡೆದು ಕನ್ನಡದ ಅಕ್ಷರವಾಗಿ ಮಾರ್ಪಡಿಸಬೇಕಾಗುತ್ತದೆ. ಒತ್ತಿದ ಕೀಲಿಗಳನ್ನು ಕದ್ದು ಓದುವ ಗೂಢಚಾರ ಕ್ರಮವಿಧಿಯೂ ಇದೇ ದಾರಿಯಲ್ಲಿ ನಿಲ್ಲುತ್ತದೆ. ಉದ್ದೇಶ ಬೇರೆ, ಹೊರನೋಟ ಒಂದೇ. ನಡತೆಯನ್ನಷ್ಟೇ ನೋಡುವ ಕಾವಲುಗಾರನಿಗೆ ಈ ಭೇದವು ಕೆಲವೊಮ್ಮೆ ತಿಳಿಯದೆ ಹೋಗಬಹುದು.

ಇತಿಹಾಸದ ಪಾಠಗಳು

ದೊಡ್ಡ ಸಂಸ್ಥೆಗಳೂ ಈ ತಪ್ಪಿನಿಂದ ಹೊರತಾಗಿಲ್ಲ. 2007ರ ಮೇ ತಿಂಗಳಿನಲ್ಲಿ ಸಿಮ್ಯಾಂಟೆಕ್ ಸಂಸ್ಥೆಯ ನಿರೋಧಕವು ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯ ಎರಡು ಮೂಲ ಕಡತಗಳನ್ನು ವೈರಿಗಳೆಂದು ಬಗೆದು ತೆಗೆದುಹಾಕಿತು. ಯಂತ್ರಗಳು ಮತ್ತೆ ಚಾಲನೆಗೊಳ್ಳದಾದವು. 2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆಯು ಹೊರಡಿಸಿದ 5958ನೆಯ ಪರಿಷ್ಕರಣವು ವಿಂಡೋಸ್ ಎಕ್ಸ್‌ಪಿಯ ಮೂರನೆಯ ಸರ್ವೀಸ್ ಪ್ಯಾಕ್ ಇದ್ದ ಯಂತ್ರಗಳಲ್ಲಿ ‘ಎಸ್‌ವಿಸಿಹೋಸ್ಟ್’ ಎಂಬ ಪ್ರಾಣಸಮಾನವಾದ ಕಡತವನ್ನೇ ವೈರಸ್ ಎಂದು ಕರೆಯಿತು. ಯಂತ್ರಗಳು ಮತ್ತೆ ಮತ್ತೆ ತಾವಾಗಿಯೇ ನಿಂತು ಹೊರಡತೊಡಗಿದವು, ಜಾಲಸಂಪರ್ಕ ಕಡಿಯಿತು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಕೆಲವು ಆಸ್ಪತ್ರೆಗಳು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. 2012ರ ಸೆಪ್ಟೆಂಬರ್ 19ರಂದು ಸೋಫೋಸ್ ಸಂಸ್ಥೆಯ ನಿರೋಧಕವು ತನ್ನದೇ ಪರಿಷ್ಕರಣ ವಿಭಾಗವನ್ನು ವೈರಿಯೆಂದು ಭಾವಿಸಿತು. ತಪ್ಪನ್ನು ತಿದ್ದುವ ಪರಿಷ್ಕರಣವು ಬರಬೇಕಾದ ಬಾಗಿಲನ್ನೇ ಕೆಲವು ಯಂತ್ರಗಳಲ್ಲಿ ಅದು ಮುಚ್ಚಿಕೊಂಡಿತು.

ಈ ಘಟನೆಗಳಿಂದ ತಿಳಿಯುವುದಿಷ್ಟು: ವೈರಸ್ಸನ್ನು ಕಂಡೊಡನೆ ಅಳಿಸಿಬಿಡುವ ಏರ್ಪಾಡಿಗಿಂತ, ಪ್ರತ್ಯೇಕವಾಗಿ ಬಂಧಿಸಿಡುವ ಏರ್ಪಾಡು ಮೇಲು. ಬಂಧನದಲ್ಲಿರುವ ಕಡತವು ಹಾನಿ ಮಾಡಲಾರದು. ನಿರ್ದೋಷಿಯೆಂದು ಸಿದ್ಧವಾದರೆ ಅದನ್ನು ಮರಳಿ ಪಡೆಯಲೂ ಬಹುದು. ಅಳಿಸಿದ ಕಡತಕ್ಕೆ ಮೇಲ್ಮನವಿಯಿಲ್ಲ.

ವಿಚಾರಣೆಯ ಹೆಜ್ಜೆಗಳು

ಎಚ್ಚರಿಕೆಯು ಬಂದಾಗ ಮೊದಲು ಕಡತದ ಹೆಸರು, ಅದಿರುವ ಸ್ಥಳ, ನಿರೋಧಕವು ನೀಡಿದ ವೈರಸ್ಸಿನ ಹೆಸರು ಇವುಗಳನ್ನು ಬರೆದಿಟ್ಟುಕೊಳ್ಳಬೇಕು. ‘ಜೆನೆರಿಕ್’, ‘ಹ್ಯೂರಿಸ್ಟಿಕ್’ ಎಂಬ ಪದಗಳು ಆ ಹೆಸರಿನಲ್ಲಿದ್ದರೆ ಅದು ಊಹೆಯಿಂದ ಬಂದ ತೀರ್ಪೆಂದು ತಿಳಿಯಬಹುದು. ಊಹೆಯೆಂದ ಮಾತ್ರಕ್ಕೆ ಅದು ಸುಳ್ಳೆಂದು ಅರ್ಥವಲ್ಲ.

ಎರಡನೆಯದಾಗಿ ಕಡತದ ಮೂಲವನ್ನು ವಿಚಾರಿಸಬೇಕು. ತಯಾರಕರಿಂದಲೇ ಪಡೆದು ಬಹುಕಾಲದಿಂದ ಬದಲಾಗದೆ ಇರುವ ಕಡತದ ಮೇಲೆ ಪರಿಷ್ಕರಣವೊಂದರ ಮರುದಿನವೇ ಆರೋಪ ಬಂದರೆ ಅದು ಹುಸಿಯಾಗಿರುವ ಸಂಭವ ಹೆಚ್ಚು. ಅಪರಿಚಿತರ ಪತ್ರದೊಡನೆ ನಿನ್ನೆ ಬಂದುದಾದರೆ ಆರೋಪವನ್ನು ನಂಬುವುದೇ ಕ್ಷೇಮ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಪುಕ್ಕಟೆಯಾಗಿ ತೆರೆಯುವ ‘ಕ್ರ್ಯಾಕ್’ ಕಡತಗಳ ಜೊತೆಗೆ ಬರುವ ‘ನಿರೋಧಕವನ್ನು ನಿಲ್ಲಿಸಿರಿ, ಇದು ಹುಸಿ ಎಚ್ಚರಿಕೆ’ ಎಂಬ ಸಲಹೆಯನ್ನು ಎಂದಿಗೂ ಪಾಲಿಸಬಾರದು. ಕಳ್ಳನೇ ನಾಯಿಯನ್ನು ಕಟ್ಟಿಹಾಕೆಂದು ಹೇಳಿದಂತೆ ಅದು.

ಮೂರನೆಯದಾಗಿ ನಿರೋಧಕವನ್ನು ಪರಿಷ್ಕರಿಸಿ ಮತ್ತೊಮ್ಮೆ ತಪಾಸಣೆ ಮಾಡಬೇಕು. ತಯಾರಕರು ತಪ್ಪನ್ನು ಅಷ್ಟರಲ್ಲಿ ತಿದ್ದಿರಬಹುದು. ಅನಂತರ ಎರಡನೆಯ ಅಭಿಪ್ರಾಯ. 2004ರಲ್ಲಿ ಸ್ಪೇನ್ ದೇಶದಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್ ಸಂಸ್ಥೆಯ ವಶಕ್ಕೆ ಬಂದ ‘ವೈರಸ್‌ಟೋಟಲ್’ ಎಂಬ ಸೇವೆಯು ಒಂದೇ ಕಡತವನ್ನು ಹತ್ತಾರು ನಿರೋಧಕಗಳಿಂದ ಪರೀಕ್ಷಿಸಿ ಹೇಳುತ್ತದೆ. ಹಲವರಲ್ಲಿ ಒಬ್ಬಿಬ್ಬರು ಮಾತ್ರ ಆರೋಪಿಸಿದರೆ ಹುಸಿಯ ಸಂಭವವಿದೆ; ಆದರೆ ತೀರ ಹೊಸ ವೈರಸ್ಸನ್ನೂ ಮೊದಲ ದಿನ ಒಬ್ಬಿಬ್ಬರೇ ಗುರುತಿಸುವುದುಂಟು. ಆ ಸೇವೆಗೆ ಒಪ್ಪಿಸಿದ ಕಡತವು ಅನ್ಯರ ಕೈಗೂ ಹೋಗಬಲ್ಲುದಾದ್ದರಿಂದ, ವಿದ್ಯಾರ್ಥಿಗಳ ಅಥವಾ ದಾನಿಗಳ ವಿವರಗಳುಳ್ಳ ಕಡತವನ್ನು ಅಲ್ಲಿಗೆ ಕಳುಹಿಸಲಾಗದು. ಬದಲಾಗಿ ‘ಎಸ್‌ಎಚ್‌ಎ-256’ ಎಂಬ ಗಣಿತಕ್ರಮದಿಂದ ದೊರೆಯುವ 64 ಚಿಹ್ನೆಗಳ ಮುದ್ರೆಯನ್ನು ಮಾತ್ರ ಅಲ್ಲಿ ಹುಡುಕಿ ನೋಡಬಹುದು. ಮುದ್ರೆಯಿಂದ ಒಳಗಿನ ವಿಷಯ ತಿಳಿಯುವುದಿಲ್ಲ.

ಕಡತವು ನಿರ್ದೋಷಿಯೆಂದು ನಿಶ್ಚಯವಾದರೆ ನಿರೋಧಕದ ತಯಾರಕರಿಗೆ ವರದಿ ಮಾಡಬೇಕು. ವಿನಾಯಿತಿಯನ್ನು ಆ ಒಂದು ಕಡತಕ್ಕೆ ಮಾತ್ರ ಕೊಡಬೇಕೇ ಹೊರತು ಇಡೀ ಕೋಶಕ್ಕೆ ಕೊಡಬಾರದು. ವಿನಾಯಿತಿ ಪಡೆದ ಕೋಶವು ನಾಳೆ ನಿಜವಾದ ಕಳ್ಳನಿಗೂ ಆಶ್ರಯವಾದೀತು.

ತಪಾಸಣೆಗೆ ಸಿಗದ ಕಡತಗಳು

‘ತಪಾಸಣೆ ಮಾಡಲಾಗಲಿಲ್ಲ’ ಎಂಬ ವರದಿಯು ಆರೋಪವೂ ಅಲ್ಲ, ನಿರ್ದೋಷಿಯೆಂಬ ತೀರ್ಪೂ ಅಲ್ಲ. ಅದರ ಅರ್ಥವನ್ನು ಕಾರಣದಿಂದಲೇ ಅರಿಯಬೇಕು.

ವಿಂಡೋಸ್ ವ್ಯವಸ್ಥೆಯು ತನ್ನ ಸ್ಮರಣೆಗೆ ಪೂರಕವಾಗಿ ಬಳಸುವ ‘ಪೇಜ್‌ಫೈಲ್’, ನಿದ್ರಾವಸ್ಥೆಗಾಗಿ ಬಳಸುವ ‘ಹೈಬರ್‌ಫಿಲ್’ ಎಂಬ ಕಡತಗಳು ಸದಾ ಅದರ ಹಿಡಿತದಲ್ಲಿಯೇ ಇರುತ್ತವೆ. ಅವು ತಪಾಸಣೆಗೆ ಸಿಗದಿರುವುದು ಸಹಜ. ಕೆಲಸ ನಡೆಯುತ್ತಿರುವಾಗ ತೆರೆದಿರುವ ಲೆಕ್ಕಪತ್ರದ ದತ್ತಾಂಶವೂ ಹಾಗೆಯೇ. ಅದನ್ನು ಮುಚ್ಚಿದ ಮೇಲೆ ತಪಾಸಣೆ ಮಾಡಿದರೆ ಸಾಕು. ಅರ್ಧಕ್ಕೆ ನಿಂತು ಹಾಳಾದ ಕಡತವನ್ನು ಮೂಲದಿಂದ ಮತ್ತೆ ತರಿಸಿಕೊಳ್ಳಬೇಕು.

ಕಟ್ಟಿನೊಳಗೆ ಕಟ್ಟುಗಳಿರುವ ಜಿಪ್ ಕಡತಗಳ ವಿಷಯದಲ್ಲಿ ನಿರೋಧಕವು ಒಂದು ಮಿತಿಯಲ್ಲಿ ನಿಲ್ಲುತ್ತದೆ. ಇದಕ್ಕೆ ಕಾರಣವಿದೆ. ‘42.ಜಿಪ್’ ಎಂಬ ಕುಖ್ಯಾತ ಕಡತದ ಗಾತ್ರ ಕೇವಲ 42 ಕಿಲೋಬೈಟ್. ಪದರಪದರವಾಗಿ ಬಿಚ್ಚುತ್ತಾ ಹೋದರೆ ಅದು ಸುಮಾರು 4.5 ಪೆಟಾಬೈಟ್‌ಗಳಷ್ಟಾಗುತ್ತದೆ. ಎಲ್ಲವನ್ನೂ ಬಿಚ್ಚಿ ನೋಡುವ ಹಟ ತೊಟ್ಟ ನಿರೋಧಕವು ಅಲ್ಲಿಯೇ ಉಸಿರುಗಟ್ಟಿ ನಿಂತೀತು.

ಗುಪ್ತಪದದ ಬೀಗವುಳ್ಳ ಕಟ್ಟುಗಳದು ಹೆಚ್ಚು ಗಂಭೀರವಾದ ಪ್ರಶ್ನೆ. ಬೀಗದ ಪೆಟ್ಟಿಗೆಯೊಳಗೆ ಏನಿದೆಯೆಂದು ಕಾವಲುಗಾರನು ಹೇಳಲಾರ. ಪ್ರಶ್ನೆಪತ್ರಿಕೆಯಂತಹ ಗೌಪ್ಯ ಕಡತಗಳನ್ನು ಹೀಗೆ ಕಳುಹಿಸುವುದು ಉಚಿತವೇ. ಆದರೆ ದುಷ್ಟರೂ ಇದನ್ನೇ ಬಳಸುತ್ತಾರೆ: ಬೀಗ ಹಾಕಿದ ಕಟ್ಟನ್ನು ಕಳುಹಿಸಿ, ಗುಪ್ತಪದವನ್ನು ಅದೇ ಪತ್ರದಲ್ಲಿ ಬರೆದಿರುತ್ತಾರೆ. ಕಳುಹಿಸಿದವರು ಪರಿಚಿತರಾದರೆ ದೂರವಾಣಿಯಲ್ಲಿ ವಿಚಾರಿಸಿ, ಕಟ್ಟನ್ನು ಬಿಚ್ಚಿ, ಒಳಗಿನ ಕಡತಗಳನ್ನು ತೆರೆಯುವ ಮೊದಲೇ ತಪಾಸಣೆಗೆ ಒಳಪಡಿಸಬೇಕು. ಅಪರಿಚಿತರಾದರೆ ಬಿಚ್ಚದಿರುವುದೇ ಲೇಸು.

ಎಚ್ಚರ ಮತ್ತು ವಿವೇಕ

ಹುಸಿ ಎಚ್ಚರಿಕೆಯ ನಿಜವಾದ ಕೇಡು ಕಳೆದುಹೋದ ಒಂದು ಕಡತದಲ್ಲಿಲ್ಲ, ಕುಂದಿದ ನಂಬಿಕೆಯಲ್ಲಿದೆ. ‘ತೋಳ ಬಂತು ತೋಳ’ ಎಂಬ ಕಥೆಯನ್ನು ಪ್ರತಿಯೊಂದು ಶಾಲೆಯ ಮಕ್ಕಳೂ ಬಲ್ಲರು. ಆ ಕಥೆಯಲ್ಲಿ ಕೊನೆಗೆ ತೋಳ ಬಂದೇ ಬರುತ್ತದೆ. ಕಾರ್ಯಾಲಯದಲ್ಲಿ ಎಚ್ಚರಿಕೆಗಳನ್ನು ವಿಚಾರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ, ಪ್ರತಿಯೊಂದರ ವಿವರವನ್ನೂ ಒಂದು ಪುಸ್ತಕದಲ್ಲಿ ದಾಖಲಿಸುತ್ತಾ ಬಂದರೆ ಯಾವುದು ಹಗ್ಗ, ಯಾವುದು ಹಾವು ಎಂಬ ಅನುಭವವು ಕ್ರಮೇಣ ಬೆಳೆಯುತ್ತದೆ. ಇದರ ಜೊತೆಗೆ ಮುಖ್ಯ ದಾಖಲೆಗಳ ಪ್ರತಿಯನ್ನು ಯಂತ್ರದಿಂದ ಬೇರ್ಪಡಿಸಿ ಸುರಕ್ಷಿತವಾಗಿ ಇಡತಕ್ಕದ್ದು. ಪ್ರತಿಯಿದ್ದಲ್ಲಿ ಗಾಬರಿಗೆ ಎಡೆಯಿಲ್ಲ. ಕಾವಲುಗಾರನು ತಪ್ಪಿದರೂ, ಕಳ್ಳನು ಗೆದ್ದರೂ, ದಾನಿಗಳು ನಂಬಿ ಕೊಟ್ಟ ಹಣದ ಲೆಕ್ಕವೂ ವಿದ್ಯಾರ್ಥಿಗಳ ವರ್ಷಗಳ ಶ್ರಮದ ದಾಖಲೆಯೂ ಉಳಿದುಕೊಳ್ಳುತ್ತವೆ.