ಮುತ್ತಜ್ಜಿಯ ತವರಿನ ಅಡ್ಡಹೆಸರು ಯಾವುದು?

ಪ್ರಶ್ನೆ: ನಮ್ಮ ಮುತ್ತಜ್ಜಿಯ ತವರಿನವರು ‘ಪಾಟೀಲ’ ಎಂದು ದೊಡ್ಡಪ್ಪ, ‘ನವಲಗುಂದ’ ಎಂದು ಸೋದರತ್ತೆ ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಿರಬಹುದು. ಪಾಟೀಲ ಎಂಬುದು ಊರಗೌಡಿಕೆಯ ಹುದ್ದೆ. ನವಲಗುಂದ ಮೂಲದ ಊರು. ಉತ್ತರ ಕರ್ನಾಟಕದಲ್ಲಿ ಒಂದೇ ಮನೆತನವನ್ನು ಊರೊಳಗೆ ಹುದ್ದೆಯಿಂದ, ಹೊರಗೆ ಊರಿನಿಂದ ಕರೆದದ್ದುಂಟು. ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ ಕಾಯ್ದೆ 1961ರಲ್ಲಿ ಬಂತು, ಹೆಸರು ಮಾತ್ರ ಉಳಿಯಿತು.

ಆದ್ದರಿಂದ ಅಡ್ಡಹೆಸರಿನ ಬೆನ್ನು ಹತ್ತುವ ಮೊದಲು ತವರೂರು, ಮನೆದೇವರು ಯಾವುದೆಂದು ಹಿರಿಯರನ್ನು ಕೇಳಿ. ಮದುವೆಯಲ್ಲಿ ಮುತ್ತಜ್ಜಿಯ ಹೆಸರನ್ನೇ ಬದಲಿಸಿರಬಹುದು. ತವರಿನಲ್ಲಿ ಕರೆಯುತ್ತಿದ್ದ ಹೆಸರೂ ಬೇಕು.

ಆಮೇಲೆ ಹೆಳವರನ್ನು ಹುಡುಕಿ. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ನಿಂತು ತಲೆಮಾರುಗಳ ಹೆಸರನ್ನು ಸರಾಗವಾಗಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದವರು ಅವರು. ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾರೆ. ಇಂಥ ಮನೆಗೆ ಇಂಥ ಹೆಳವರೆಂದು ಗೊತ್ತಿರುತ್ತದೆ. ವಂಶಾವಳಿ ಗಂಡುಮಕ್ಕಳ ಜಾಡಿನಲ್ಲಿ ಸಾಗುವುದರಿಂದ ನಿಮ್ಮ ಮನೆಯ ಹೆಳವರಲ್ಲ, ತವರಿನ ಹೆಳವರೇ ಬೇಕು. ಈ ಬಾಯಿಪಾಠದ ಸಂಪತ್ತು ಕಣ್ಣೆದುರೇ ಕರಗುತ್ತಿದೆ, ತಡಮಾಡಬೇಡಿ.

ಅವರು ಹೇಳಿದ್ದನ್ನು ತವರಿನ ಹಳೆಯ ಉತಾರ (ಜಮೀನಿನ ದಾಖಲೆ), ವಾಟ್ನಿ (ಆಸ್ತಿ ಪಾಲು) ಪತ್ರಗಳೊಂದಿಗೆ ತಾಳೆ ನೋಡಿ. ವಾರಸಾ ನೋಂದಣಿಯಲ್ಲಿ ಹೆಣ್ಣುಮಕ್ಕಳ ಹೆಸರು ಗಂಡನ ಹೆಸರಿನೊಂದಿಗೆ ಸಿಗುವ ಸಾಧ್ಯತೆಯುಂಟು. ಅಲ್ಲಿ ನಿಮ್ಮ ಮುತ್ತಜ್ಜನ ಹೆಸರು ಕಂಡರೆ ಆ ಮನೆಯೇ ತವರು.