ಸೂಪರ್‌ಮ್ಯಾನ್, ಸೂಪರ್‌ಗರ್ಲ್: ಯಾರ ಕೈ ಮೇಲು?

ಸೂಪರ್‌ಮ್ಯಾನ್ ಮತ್ತು ಅವನ ಚಿಕ್ಕಪ್ಪನ ಮಗಳು ಕಾರಾ, ಅಂದರೆ ಸೂಪರ್‌ಗರ್ಲ್. ಇಬ್ಬರೂ ಎದುರುಬದುರಾದರೆ ಗೆಲ್ಲೋದು ಯಾರು?

ಇಬ್ಬರೂ ಕ್ರಿಪ್ಟಾನ್ ಗ್ರಹದವರು. ಇಬ್ಬರ ಜೀವಕೋಶಗಳೂ ನಮ್ಮ ಹಳದಿ ಸೂರ್ಯನ ಬೆಳಕು ಹೀರಿಯೇ ಬಲ ಪಡೆಯುತ್ತವೆ. ಹಾರಾಟ, ಬೆಂಕಿ ಕಾರುವ ಕಣ್ಣು, ಗುಂಡು ತಾಗದ ಮೈ, ಎಲ್ಲಾ ಸಮ. ಅಂದಹಾಗೆ, 1938ರ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನ್‌ಗೆ ಹಾರೋಕೇ ಬರ್ತಿರಲಿಲ್ಲ, ಬರೀ ಜಿಗೀತಿದ್ದ! 1959ರಲ್ಲಿ ಬಂದ ಕಾರಾ ಮೊದಲ ಕಥೆಯಲ್ಲೇ ಹಾರಿದಳು.

ವ್ಯತ್ಯಾಸ ಇರೋದು ಬೆಳೆದ ರೀತಿಯಲ್ಲಿ. ಕ್ಲಾರ್ಕ್, ಅಂದರೆ ಸೂಪರ್‌ಮ್ಯಾನ್, ಕೂಸಾಗಿ ಭೂಮಿಗೆ ಬಂದವನು. ಕೈ ಕುಲುಕಿದರೆ ಎದುರಿನವರ ಮೂಳೆ ಪುಡಿಯಾಗದಂತೆ ಬಲ ಬಿಗಿಹಿಡಿಯೋದನ್ನು ಚಿಕ್ಕಂದಿನಿಂದಲೇ ಕಲಿತ. ಕಾರಾ ಬಂದದ್ದು ಹದಿಹರೆಯದಲ್ಲಿ, ಆ ಅಭ್ಯಾಸ ಅವಳಿಗಿಲ್ಲ. ಹಾಗಾಗಿ ಅನುಭವದಲ್ಲಿ ಅವನು ಮುಂದು. ಏಟಿನ ರಭಸದಲ್ಲಿ, ನನ್ನ ಪ್ರಕಾರ, ಕಾರಾನೇ.

ಸಾಕ್ಷಿ ಬೇಕಾ? 1985ರ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್' ಕಾಮಿಕ್ಸ್, ಏಳನೇ ಸಂಚಿಕೆ. ಖಳನಾಯಕ ಆಂಟಿ-ಮಾನಿಟರ್ ಮುಂದೆ ಸೂಪರ್‌ಮ್ಯಾನ್ ನೆಲ ಕಚ್ಚಿದ್ದಾನೆ. ಕಾರಾ ನುಗ್ಗಿ ಬಂದು ಆ ದೈತ್ಯನ ಕವಚವನ್ನೇ ಒಡೆದುಹಾಕ್ತಾಳೆ. ಸೂಪರ್‌ಮ್ಯಾನ್‌ನನ್ನು ಕರೆದುಕೊಂಡು ಹೋಗು ಅಂತ ಜೊತೆಗಿದ್ದ ನಾಯಕಿ ಡಾಕ್ಟರ್ ಲೈಟ್‌ಗೆ ಹೇಳಲು ತಿರುಗಿದಾಗಲೇ ಅವಳಿಗೆ ಸಾವಿನ ಏಟು ಬಿದ್ದದ್ದು. ಬಲ ಸಾಲದೆ ಅಲ್ಲ, ಬೇರೆಯವರನ್ನು ಉಳಿಸೋಕೆ ಹೋಗಿ.