ದೂರ ಪಯಣದ ಬೈಸಿಕಲ್ಲು: ಹೊಸದೋ, ಬಳಸಿದ್ದೋ?

ಮನೆಯ ತರುಣನೊಬ್ಬನು ದೂರ ಪಯಣದ ಬೈಸಿಕಲ್ಲು ಬೇಕೆಂದಾಗ ಗೃಹಸ್ಥನಾದವನು ಬೆಚ್ಚುವುದು ಅದರ ಬೆಲೆಯನ್ನು ಕೇಳಿ. ಒಂದೇ ಸೈಕಲ್ಲಿನಲ್ಲಿ ಎರಡು ತಲೆಮಾರು ಸವಾರಿ ಮಾಡಿದ ಮನೆಗಳುಂಟು. ಈ ಯಂತ್ರದ ಬೆಲೆಯಾದರೋ ಲಕ್ಷ ರೂಪಾಯಿಗಳನ್ನು ಸುಲಭವಾಗಿ ಮೀರುವುದು. ಅಷ್ಟರಲ್ಲಿ, ಬಳಸಿದ ಸೈಕಲ್ಲೊಂದು ಅರ್ಧಬೆಲೆಗೆ ದೊರೆಯುವುದೆಂಬ ಸುದ್ದಿ ಬರುತ್ತದೆ. ಕೊಳ್ಳಬಹುದೆ? ಇದನ್ನು ಕುರಿತು ವಾಚಕರೊಡನೆ ಕೊಂಚ ವಿಚಾರ ಮಾಡೋಣ.

ಇದಕ್ಕೆ ಎಂಡ್ಯೂರೆನ್ಸ್ ರೋಡ್ ಬೈಕ್ ಎಂದು ಹೆಸರು. ಪಂದ್ಯದ ಸೈಕಲ್ಲಿನಲ್ಲಿ ಸವಾರನು ಬಿಲ್ಲಿನಂತೆ ಬಾಗಿರಬೇಕು. ಇದರಲ್ಲಿ ಹ್ಯಾಂಡಲ್ಲು ಎತ್ತರವಾಗಿಯೂ ಸಮೀಪವಾಗಿಯೂ ಇರುವುದು, ಚಕ್ರಗಳ ನಡುವಣ ಅಂತರ ಹೆಚ್ಚು, ಟೈರು ಅಗಲ. ಫ್ರಾನ್ಸಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿಯೂ ನಡೆಯುತ್ತಿರುವ ‘ಬ್ರೆವೆ’ ಸವಾರಿಗಳಲ್ಲಿ 200 ಕಿಲೋಮೀಟರನ್ನು 13 ಗಂಟೆ 30 ನಿಮಿಷಗಳೊಳಗೂ 600 ಕಿಲೋಮೀಟರನ್ನು 40 ಗಂಟೆಗಳೊಳಗೂ ಮುಗಿಸತಕ್ಕದ್ದು. ಅಷ್ಟು ಹೊತ್ತು ಕುಳಿತವನ ಬೆನ್ನು, ಕತ್ತು, ಅಂಗೈಗಳಿಗೆ ಈ ವ್ಯತ್ಯಾಸವು ಅಲ್ಪವಾದುದಲ್ಲ.

ಆದಕಾರಣ ಮೊದಲು ನೋಡತಕ್ಕದ್ದು ಅಳತೆ. ಅಂಗಡಿಯಲ್ಲಿ ನಾಲ್ಕಾರು ಅಳತೆಗಳುಂಟು. ಮಾರುವವನ ಮನೆಯಲ್ಲಿರುವುದು ಒಂದೇ. ಅಗ್ಗವೆಂಬ ಮೋಹದಿಂದ ದೇಹವನ್ನೇ ಸೈಕಲ್ಲಿಗೆ ಹೊಂದಿಸಹೊರಟರೆ ಹಣ ಹೋಗಿ ಬೆನ್ನುನೋವು ಉಳಿಯುವುದು.

ಬಳಿಕ ಚೌಕಟ್ಟಿನ ದ್ರವ್ಯ. ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕವಾದುದು ಇದೇ. ಉಕ್ಕು ಅಥವಾ ಅಲ್ಯೂಮಿನಿಯಮ್ಮಿಗೆ ಪೆಟ್ಟು ಬಿದ್ದರೆ ತಗ್ಗು, ಡೊಂಕು, ಬೆಸುಗೆಯ ಬಳಿಯ ಬಿರುಕು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತವೆ. ಉಕ್ಕಿಗಾದರೆ ಜೀರ್ಣೋದ್ಧಾರವೂ ಸಾಧ್ಯ. ಬಲ್ಲ ಬೆಸುಗೆಗಾರನು ಸರಿಪಡಿಸುವನು. ಕಾರ್ಬನ್ನಿನ ಸ್ವಭಾವವೇ ಬೇರೆ. ಅದು ಅಂಟಿನಿಂದ ಕೂಡಿಸಿದ ನಾರಿನ ಪದರಗಳ ರಚನೆ. ಒಳಗೆ ಪದರಗಳು ಬಿಟ್ಟುಕೊಂಡಿದ್ದರೂ ಮೇಲಿನ ಬಣ್ಣವು ಹೊಳೆಯುತ್ತಲೇ ಇರಬಹುದು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಲೋಹದ ದೋಷಕ್ಕೆ ಪ್ರತ್ಯಕ್ಷವೇ ಪ್ರಮಾಣ, ಕಾರ್ಬನ್ನಿನ ದೋಷಕ್ಕೆ ಅನುಮಾನವೇ ಗತಿ. (ಮಾರುವವನ ಮಾತು ಆಪ್ತವಾಕ್ಯವೆನಿಸುವುದು ಅವನು ನಿಜವಾಗಿ ಆಪ್ತನಾಗಿದ್ದರೆ ಮಾತ್ರ!) ನಾಣ್ಯದಿಂದ ಮೆಲ್ಲನೆ ತಟ್ಟುತ್ತ ಹೋದರೆ ಕೆಟ್ಟ ಸ್ಥಳದಲ್ಲಿ ಧ್ವನಿಯು ಮಂಕಾಗುವುದುಂಟು, ಅಷ್ಟನ್ನೇ ನಂಬುವಂತಿಲ್ಲ. ನಂದಿಬೆಟ್ಟದ ಇಳಿಜಾರಿನಲ್ಲಿ ಮುಂದಿನ ಫೋರ್ಕು ಮುರಿದರೆ ಉಳಿಸಿದ ಹಣದಿಂದ ಆಗುವ ಪ್ರಯೋಜನವೇನು? ಪೂರ್ವಚರಿತ್ರೆ ತಿಳಿಯದ ಕಾರ್ಬನ್ ಸೈಕಲ್ಲನ್ನು ಕೊಳ್ಳಲು ನಾನು ಯಾರಿಗೂ ಹೇಳಲಾರೆ. ಅಲ್ಯೂಮಿನಿಯಮ್ ಸೈಕಲ್ಲುಗಳಲ್ಲಿಯೂ ಫೋರ್ಕು ಅನೇಕ ವೇಳೆ ಕಾರ್ಬನ್ನಿನದೇ ಆದುದರಿಂದ, ಅದನ್ನು ಬಲ್ಲವರಿಂದ ಬಿಚ್ಚಿಸಿ ನೋಡಿಸತಕ್ಕದ್ದು.

ಸವೆಯುವ ಭಾಗಗಳಿಗೆ ಇಷ್ಟು ಅಂಜಬೇಕಾಗಿಲ್ಲ. ಮನೆಯ ಅಳತೆಪಟ್ಟಿಯೇ ಸಾಕು. ಹೊಸ ಚೈನಿನಲ್ಲಿ ಒಂದು ಮೊಳೆಯಿಂದ 24 ಕೊಂಡಿಗಳನ್ನು ಎಣಿಸಿದರೆ ಸರಿಯಾಗಿ 12 ಅಂಗುಲ. ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಿದರೆ ಚೈನನ್ನು ಬದಲಾಯಿಸಬೇಕು. ಎಂಟನೆಯ ಒಂದು ಪಾಲು ಹೆಚ್ಚಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುವುದು ಬಹುಮಟ್ಟಿಗೆ ನಿಶ್ಚಯ. ಆ ವೆಚ್ಚವನ್ನು ಬೆಲೆಯಲ್ಲಿ ಕಳೆದುಕೊಳ್ಳಬೇಕು. ಸೀಟಿನ ಕಂಬವನ್ನು ಮೇಲೆ ಕೆಳಗೆ ಸರಿಸಿ ತೋರಿಸೆಂದು ಕೇಳಬೇಕು. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ತೆಗೆಯುವುದು ಮಹಾಕಷ್ಟ. ರಿಮ್ಮನ್ನು ಹಿಡಿಯುವ ಬ್ರೇಕಿನ ಹಳೆಯ ಸೈಕಲ್ಲುಗಳಲ್ಲಿ ಅನೇಕಕ್ಕೆ 28 ಮಿಲಿಮೀಟರಿಗಿಂತ ಅಗಲವಾದ ಟೈರು ಹಿಡಿಸದು. ಡಿಸ್ಕ್ ಬ್ರೇಕಿನ ಈಚಿನವುಗಳಿಗೆ ಸಾಮಾನ್ಯವಾಗಿ 32 ಹಿಡಿಸುವುದು. ನಮ್ಮ ರಸ್ತೆಗಳಿಗೆ ಅದೇ ಹಿತ.

ಹೊಸದರಲ್ಲಿ ಹಣಕ್ಕೆ ಪ್ರತಿಫಲವುಂಟು: ಚೌಕಟ್ಟಿಗೆ ಅನೇಕ ತಯಾರಕರು ಕೊಡುವ ದೀರ್ಘಕಾಲದ ಭರವಸೆಯು ಮೊದಲು ಕೊಂಡವನಿಗೆ ಮಾತ್ರ ಸಲ್ಲುವುದು. ಒಂದೇ ಬೆಲೆಗೆ ಹಳೆಯ ಕಾರ್ಬನ್ನೂ ಹೊಸ ಅಲ್ಯೂಮಿನಿಯಮ್ಮೂ ದೊರೆತರೆ, ತೂಕ ಹೆಚ್ಚಾದರೂ ನಾನು ಎರಡನೆಯದನ್ನೇ ಆರಿಸುವೆನು. ಪರಿಚಿತನು ಬಳಸಿದ, ಅಳತೆಗೆ ಒಪ್ಪುವ ಲೋಹದ ಸೈಕಲ್ಲು ದೊರೆತರೆ ಹೊಸದರ ಯೋಚನೆಯೇ ಬೇಡ.

ಹಣ ಕೊಡುವ ಮುನ್ನ ಮೂಲ ರಸೀದಿಯನ್ನು ಕೇಳಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲಿನ ಅಚ್ಚಿನ ಬಳಿ ಕೊರೆದಿರುವ ಸಂಖ್ಯೆಯನ್ನು ಅದರೊಡನೆ ಹೋಲಿಸಿ ನೋಡಿರಿ. ಸಂಖ್ಯೆಯನ್ನು ಕೆರೆದು ಅಳಿಸಿದ್ದರೆ ಬೆಲೆಯ ಮಾತನ್ನೇ ಎತ್ತದೆ ಹಿಂದಿರುಗತಕ್ಕದ್ದು.